ಪ್ರಾಮಾಣಿಕ: ಅಳತೆಯಿಂದ ಹುಟ್ಟಿದ ಮಾತು

ನಿಮ್ಮಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು "ನಾನು ಪ್ರಾಮಾಣಿಕ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ನೋಡೋಣ.

ಯಾರೂ ಏಳಲಿಲ್ಲ. ನಾನಾಗಿದ್ದರೂ ಏಳುತ್ತಿರಲಿಲ್ಲ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ, ಅದರಲ್ಲಿ ನನಗೆ ಅನುಮಾನವಿಲ್ಲ. "ನಾನು ಸುಳ್ಳು ಹೇಳುತ್ತಿಲ್ಲ" ಅನ್ನಿ ಅಂದರೆ ಸಲೀಸಾಗಿ ಅಂದುಬಿಡುತ್ತೀರಿ. ಪಕ್ಕದಲ್ಲಿ ಕೂತವರ ಬಗ್ಗೆ "ಇವರು ಪ್ರಾಮಾಣಿಕರು" ಅನ್ನುವುದಕ್ಕೂ ಕಷ್ಟವಿಲ್ಲ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವಾಗ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಇದು ಸುಮ್ನೆ ಸಂಕೋಚ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಈ ಕಸಿವಿಸಿಗೆ ಕಾರಣ ಆ ಪದದ ಹೊಟ್ಟೆಯೊಳಗೇ ಇದೆ.

ಮೊದಲು ಪದವನ್ನು ಬಿಚ್ಚೋಣ. ಪ್ರಾಮಾಣಿಕ ಬಂದಿರುವುದು ಪ್ರಮಾಣದಿಂದ. ಸಮಾಜ ಸಾಮಾಜಿಕ ಆಯಿತು, ಧರ್ಮ ಧಾರ್ಮಿಕ ಆಯಿತು, ಇತಿಹಾಸ ಐತಿಹಾಸಿಕ ಆಯಿತು, ಹಾಗೆಯೇ ಪ್ರಮಾಣ ಪ್ರಾಮಾಣಿಕ ಆಯಿತು. ಕೊನೆಗೆ 'ಇಕ' ಸೇರಿದಾಗ ಮೊದಲ ಅಕ್ಷರ ಹಿಗ್ಗುತ್ತದೆ. ತುಂಬಾ ಜನ 'ಪ್ರಮಾಣಿಕ' ಅಂತ ಬರೆಯುತ್ತಾರೆ, ದೊಡ್ಡ ದೊಡ್ಡ ಬೋರ್ಡುಗಳಲ್ಲೂ ನೋಡಿದ್ದೇನೆ. 'ಪ್ರಾ'ಗೂ ದೀರ್ಘ ಬೇಕು, 'ಮಾ'ಗೂ ದೀರ್ಘ ಬೇಕು. ಸಮಾಜಿಕ ಅಂತ ಯಾರೂ ಬರೆಯುವುದಿಲ್ಲ, ಅಲ್ವಾ? ಅದನ್ನು ನೆನಪಿಟ್ಟುಕೊಂಡರೆ ಇದು ತಪ್ಪುವುದಿಲ್ಲ.

ಪ್ರಮಾಣದ ಒಳಗೆ ಇರುವುದು ಸಂಸ್ಕೃತದ 'ಮಾ' ಎಂಬ ಧಾತು. ಅಳೆಯುವುದು ಅಂತ ಅರ್ಥ. ಮಾಪನ, ಪರಿಮಾಣ, ಮಾನದಂಡ ಎಲ್ಲ ಇದೇ ಮನೆಯವು. ಪ್ರಮಾಣ ಎಂಬ ಪದವನ್ನು ಕನ್ನಡದಲ್ಲಿ ನಾವು ಎಲ್ಲೆಲ್ಲಿ ಬಳಸುತ್ತೇವೆ ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಮಳೆಯ ಪ್ರಮಾಣ ಕಡಿಮೆಯಾಗಿದೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಜಾಸ್ತಿ ಇದೆ. ಇದು ಅಳತೆ. ನೀನು ಹೇಳುವುದಕ್ಕೆ ಏನು ಪ್ರಮಾಣ? ಇದು ಸಾಕ್ಷಿ. ಹುಟ್ಟಿದ್ದಕ್ಕೆ, ಓದಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ, ಅದೂ ಸಾಕ್ಷಿಯೇ. ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುತ್ತಾರೆ. ಜಗಳ ತಾರಕಕ್ಕೆ ಹೋದಾಗ ಆಣೆ-ಪ್ರಮಾಣದ ಮಾತು ಬರುತ್ತದೆ. ಇದು ಶಪಥ. ಅಳತೆ, ಸಾಕ್ಷಿ, ಶಪಥ ಮೂರನ್ನೂ ಒಂದೇ ಪದ ಹೊತ್ತುಕೊಂಡು ನಡೆಯುತ್ತಿದೆ, ಮತ್ತು ನಮಗೆ ಒಂದು ದಿನವೂ ಗೊಂದಲ ಆಗಿಲ್ಲ. ಯಾಕೆಂದರೆ ಮೂರರ ತಳದಲ್ಲೂ ಇರುವುದು ಒಂದೇ ವಿಷಯ: ಬೇರೆಯವರು ಹಿಡಿದು ನೋಡಬಹುದಾದ ಒಂದು ಅಳತೆಗೋಲು.

ಈ ಮನೆಯ ಇನ್ನೊಂದು ಕೂಸು 'ಅನುಮಾನ'. ಅದೂ 'ಮಾ' ಧಾತುವಿನಿಂದಲೇ ಬಂದದ್ದು. ಹೊಗೆ ನೋಡಿ ಬೆಂಕಿ ಇದೆ ಅಂತ ಊಹಿಸುವುದಕ್ಕೆ ಶಾಸ್ತ್ರದಲ್ಲಿ ಅನುಮಾನ ಅಂತಾರೆ, ಅದು ತಿಳಿವಿನ ಒಂದು ದಾರಿ. ಕನ್ನಡದ ಬಾಯಲ್ಲಿ ಅದು ಸಂಶಯ ಆಗಿಬಿಟ್ಟಿತು. "ಅವನ ಮೇಲೆ ನನಗೆ ಅನುಮಾನ" ಅಂತೀವಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಪದಗಳಲ್ಲಿ ಒಂದು ನಂಬಿಕೆಯ ಕಡೆ ಹೋಯಿತು, ಇನ್ನೊಂದು ಅಪನಂಬಿಕೆಯ ಕಡೆ ಹೋಯಿತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ, ಅದಕ್ಕೆ ಹೇಳಿದೆ. ಮುಂದಕ್ಕೆ ಹೋಗೋಣ.

ಶಾಸ್ತ್ರಗಳಲ್ಲಿ ಪ್ರಮಾಣ ಅಂದರೆ ಸರಿಯಾದ ತಿಳಿವನ್ನು ಪಡೆಯುವ ಸಾಧನ. ಅಂಥವು ಎಷ್ಟು ಅನ್ನುವುದರ ಮೇಲೆ ಶತಮಾನಗಟ್ಟಲೆ ವಾದ ನಡೆದಿದೆ. ಚಾರ್ವಾಕರು ಕಣ್ಣಿಗೆ ಕಂಡದ್ದು ಒಂದೇ ಪ್ರಮಾಣ ಅಂದರು. ನ್ಯಾಯ ಎಂಬ ತರ್ಕದ ಪಂಥದವರು 4 ಅಂದರು: ಪ್ರತ್ಯಕ್ಷ, ಅನುಮಾನ, ಉಪಮಾನ ಅಂದರೆ ಹೋಲಿಕೆ, ಶಬ್ದ ಅಂದರೆ ನಂಬಬಹುದಾದವರ ಮಾತು. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಕಡೆಯವರು 6 ಅಂದರು. ಲೆಕ್ಕ ಬಿಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಜಗಳ. ನನಗೊಂದು ವಿಷಯ ತಿಳಿಯಿತು ಅಂತಿಟ್ಟುಕೊಳ್ಳಿ. ಅದು ಸರಿ ಅನ್ನುವುದು ಆ ತಿಳಿವಿನಿಂದಲೇ ಗೊತ್ತಾಗುತ್ತದೆಯೋ, ಹೊರಗಿನಿಂದ ಪರೀಕ್ಷೆ ಮಾಡಬೇಕೋ? ಮೀಮಾಂಸಕರು ಹೇಳಿದ್ದು, ತಿಳಿವು ತಾನಾಗಿಯೇ ಪ್ರಮಾಣ, ತಪ್ಪು ಅಂತ ಯಾವುದಾದರೂ ತೋರಿಸುವ ತನಕ ನಂಬಿ. ನ್ಯಾಯದವರು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡಿತು, ಸರಿ, ಹತ್ತಿರ ಹೋಗಿ ಕುಡಿ, ಬಾಯಾರಿಕೆ ತೀರಿದರೆ ಆಗ ಅದು ನೀರು ಅಂತ ಗಟ್ಟಿಯಾಯಿತು ಅಂದರು.

ಇದು ಪಂಡಿತರ ತರ್ಕ ಅನ್ನಿಸಬಹುದು. ಆದರೆ ನಾವು ಮನುಷ್ಯರ ಜೊತೆ ದಿನಾ ಇದನ್ನೇ ಮಾಡುತ್ತೇವೆ. ಕೆಲವರನ್ನು ಮೀಮಾಂಸಕರ ಹಾಗೆ ನಂಬುತ್ತೇವೆ, ತಪ್ಪು ಸಿಗುವವರೆಗೆ. ಕೆಲವರನ್ನು ನ್ಯಾಯದವರ ಹಾಗೆ, ನೀರು ಕುಡಿದು ನೋಡಿದ ಮೇಲೆ. ಮತ್ತು 'ಪ್ರಾಮಾಣಿಕ' ಅಂತ ಒಬ್ಬರನ್ನು ಕರೆಯುವುದು ಯಾವಾಗ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಪರಿಚಯವಾದ ಮೊದಲ ದಿನ "ಒಳ್ಳೆಯವರ ಹಾಗೆ ಕಾಣ್ತಾರೆ" ಅಂತೀವಿ. "ಪ್ರಾಮಾಣಿಕರು" ಅನ್ನಬೇಕಾದರೆ ಜೊತೆಯಲ್ಲಿ ಕೆಲಸ ಮಾಡಿರಬೇಕು, ಲೆಕ್ಕ ನೋಡಿರಬೇಕು, ಒಂದೆರಡು ಸಲ ಅವರಿಗೆ ನಷ್ಟವಾಗುವ ಜಾಗದಲ್ಲಿ ಅವರು ಏನು ಮಾಡಿದರು ಅಂತ ಕಂಡಿರಬೇಕು. ಅಂದರೆ ಅಳೆದಿರಬೇಕು. ಅದಕ್ಕೇ ನಮ್ಮ ಬಗ್ಗೆ ನಾವೇ ಆ ಪದ ಹೇಳಿಕೊಳ್ಳಲು ಹೋದಾಗ ತಡವರಿಸುವುದು. ನನ್ನ ಉದ್ದವನ್ನು ನನ್ನದೇ ಗೇಣಿನಲ್ಲಿ ಅಳೆದು ಊರಿಗೆಲ್ಲ ಸಾರಿದ ಹಾಗೆ ಅದು.

ಇಲ್ಲಿ ನಿಮಗೆ ಒಂದು ತೂಕದ ಬಟ್ಟಿನ ಕಥೆ ಹೇಳಬೇಕು. ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ ಒಂದು ಪುಟ್ಟ ಸಿಲಿಂಡರ್ ಇದೆ. 1889ರಿಂದ 2019ರ ತನಕ ಇಡೀ ಜಗತ್ತಿಗೆ ಒಂದು ಕಿಲೋ ಅಂದರೆ ಅದೇ ಆಗಿತ್ತು. ಅದರ ಪ್ರತಿಗಳನ್ನು ದೇಶ ದೇಶಕ್ಕೆ ಕೊಟ್ಟಿದ್ದರು. ಅಪರೂಪಕ್ಕೆ ಎಲ್ಲವನ್ನೂ ತಂದು ಮೂಲದ ಜೊತೆ ಹೋಲಿಸಿ ನೋಡುತ್ತಿದ್ದರು. ನೂರು ವರ್ಷದ ಹೊತ್ತಿಗೆ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ಅದು ಏನೂ ಅಲ್ಲದಷ್ಟು ಸಣ್ಣದು. ಆದರೆ ತೊಂದರೆ ನೋಡಿ: ಬದಲಾಗಿದ್ದು ಪ್ರತಿಗಳೋ ಮೂಲವೋ? ನಿಯಮದ ಪ್ರಕಾರ ಮೂಲ ತಪ್ಪಾಗಲು ಸಾಧ್ಯವೇ ಇಲ್ಲ, ಯಾಕೆಂದರೆ ಅದೇ ಕಿಲೋ. ಅದು ಸವೆದರೂ ಕಿಲೋ, ಅದಕ್ಕೆ ಕೊಳೆ ಮೆತ್ತಿದರೂ ಕಿಲೋ. ತನ್ನನ್ನು ಅಳೆಯಲು ಬೇರೆ ಏನೂ ಇಲ್ಲದ ಅಳತೆಗೋಲು ಅದು. ಕೊನೆಗೆ 2019ರ ಮೇ 20ರಂದು ಆ ಬಟ್ಟನ್ನು ಆ ಸ್ಥಾನದಿಂದ ಇಳಿಸಿ, ಪ್ಲಾಂಕ್ ಸ್ಥಿರಾಂಕ ಎಂಬ ನಿಸರ್ಗದ ಸಂಖ್ಯೆಯ ಮೇಲೆ ಕಿಲೋವನ್ನು ನಿಲ್ಲಿಸಿದರು. ಈಗ ತಕ್ಕ ಉಪಕರಣ ಇರುವ ಯಾರು ಬೇಕಾದರೂ ಅದನ್ನು ಪರೀಕ್ಷೆ ಮಾಡಬಹುದು.

"ನನ್ನನ್ನು ಯಾರೂ ಪ್ರಶ್ನೆ ಮಾಡಬೇಕಿಲ್ಲ, ನಾನು ಪ್ರಾಮಾಣಿಕ" ಅನ್ನುವವರನ್ನು ಕಂಡಾಗಲೆಲ್ಲ ನನಗೆ ಆ ಬಟ್ಟು ನೆನಪಾಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಆದರೆ ಆ ಪದವನ್ನು ಬಳಸುವ ಹಕ್ಕು ಬರುವುದು ಲೆಕ್ಕದ ಪುಸ್ತಕವನ್ನು ಎದುರಿಗೆ ತೆರೆದಿಟ್ಟ ಮೇಲೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನನಗೆ ಈ ಪದದ ಅರ್ಥ ತಿಳಿದದ್ದು ನಿಘಂಟಿನಿಂದ ಅಲ್ಲ, ಒಂದು ರಿಜಿಸ್ಟರಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿನಕ್ಕೆ ಮೂರು ಹೊತ್ತು ಥರ್ಮಾಮೀಟರ್ ನೋಡಿ ಉಷ್ಣತೆ ಬರೆಯುವ ಜವಾಬ್ದಾರಿ ನನ್ನದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಉದ್ದನೆಯ ಪುಸ್ತಕ, ಗೆರೆ ಎಳೆದ ಮನೆಗಳು, ಕೊನೆಯ ಕಾಲಂನಲ್ಲಿ ರುಜು. ಒಂದು ದಿನ ಏನೋ ಮಾತಿನಲ್ಲಿ ಮುಳುಗಿ ಮಧ್ಯಾಹ್ನದ್ದು ಮರೆತೆ. ಸಂಜೆ ಪುಸ್ತಕ ತೆರೆದಾಗ ಆ ಒಂದು ಮನೆ ಖಾಲಿ. ಹಿಂದಿನ ದಿನಗಳ ಮಧ್ಯಾಹ್ನದ ಅಂಕಿಗಳನ್ನು ನೋಡಿದೆ, 31.2, 31.6, 31.4. ನಾನು 31.4 ಅಂತ ಬರೆದು ರುಜು ಹಾಕಿದೆ.

ಎರಡು ದಿನ ಬಿಟ್ಟು ನಮ್ಮ ಮೇಲಿನವರು ಪುಸ್ತಕ ತಿರುವುತ್ತಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ನೋಡಿ ಬರೆದಿರಾ?" ಅಂತ ಕೇಳಿದರು. ಅವರಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ನನಗೆ ತಿಳಿಯದು. ಬೇರೆ ಎರಡು ಹೊತ್ತಿನದು ನೀಲಿ ಶಾಯಿಯಲ್ಲಿ ಒತ್ತಿ ಬರೆದಿತ್ತು, ಇದು ಸ್ವಲ್ಪ ತೇಲಿದ ಹಾಗಿತ್ತು, ಅದೇ ಇರಬಹುದು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡು ಒಂದು ಮಾತು ಸೇರಿಸಿದೆ: "ಆದರೆ ಅವತ್ತು ಸುಮಾರು ಅಷ್ಟೇ ಇದ್ದಿರುತ್ತದೆ ಸಾರ್." ಅವರು ಸಿಟ್ಟಾಗಲಿಲ್ಲ. "ಇದ್ದಿರಬಹುದು. ಅಂಕಿ ನಿಜವೇ ಇರಬಹುದು. ಪ್ರಾಮಾಣಿಕ ಅಲ್ಲ ಅಷ್ಟೆ" ಅಂದರು. ಆಮೇಲೆ ಅದನ್ನು ಒಂದೇ ಗೆರೆಯಲ್ಲಿ ಹೊಡೆದು, ಕೆಳಗಿನ ಅಂಕಿ ಕಾಣುವ ಹಾಗೆಯೇ ಬಿಟ್ಟು, ಪಕ್ಕದಲ್ಲಿ 'ನೋಡಿಲ್ಲ' ಅಂತ ನನ್ನ ಕೈಯಲ್ಲೇ ಬರೆಸಿದರು.

ನಿಜ ಆದರೂ ಪ್ರಾಮಾಣಿಕ ಅಲ್ಲ. ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ತಿರುಗಿಸಿಯೂ ನೋಡಿ. ನಮ್ಮ ಥರ್ಮಾಮೀಟರೇ ಕೆಟ್ಟು ಒಂದು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು ಅಂತಿಟ್ಟುಕೊಳ್ಳಿ. ನಾನು ದಿನವೂ ಸಮಯಕ್ಕೆ ಸರಿಯಾಗಿ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಆಗ ಪುಸ್ತಕದ ತುಂಬಾ ತಪ್ಪು ಅಂಕಿಗಳೇ, ಆದರೆ ಪ್ರತಿಯೊಂದೂ ಪ್ರಾಮಾಣಿಕ. ಮುಂದೆ ಯಾರೋ ಥರ್ಮಾಮೀಟರಿನ ದೋಷ ಕಂಡುಹಿಡಿದರೆ, ಒಂದೊಂದು ಡಿಗ್ರಿ ಕಳೆದು ಎಲ್ಲವನ್ನೂ ಸರಿಮಾಡಬಹುದು. ನಾನು ಊಹಿಸಿ ಬರೆದ 31.4 ಅನ್ನು ಮಾತ್ರ ಯಾರೂ ಯಾವತ್ತೂ ಸರಿಮಾಡಲು ಆಗುವುದಿಲ್ಲ, ಯಾಕೆಂದರೆ ಅದರ ಹಿಂದೆ ಏನೂ ಇಲ್ಲ. ಸರಿ-ತಪ್ಪು ಅಂಕಿಗೆ ಸೇರಿದ್ದು. ಪ್ರಾಮಾಣಿಕ ಅನ್ನುವುದು ಅಂಕಿಗೂ ಅದನ್ನು ಬರೆದವನ ಕಣ್ಣಿಗೂ ನಡುವೆ ಇರುವ ದಾರಿಗೆ ಸೇರಿದ್ದು.

ಹಾಗಾದರೆ ನಿಜ ಅಂದರೆ ಏನು? ಅದರ ಹುಟ್ಟೂ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ನಿಜ ಅಂದರೆ ತನ್ನದು, ಸ್ವಂತದ್ದು, ಹುಟ್ಟಿನಿಂದ ಬಂದದ್ದು. ಕನ್ನಡಕ್ಕೆ ಬಂದು ಅದು ಸತ್ಯ ಆಯಿತು. ಹಳೆಯ ಅರ್ಥ ಪೂರ್ತಿ ಹೋಗಿಲ್ಲ, "ಅವನ ನಿಜಬಣ್ಣ ಬಯಲಾಯಿತು" ಅನ್ನುವಾಗ ಎರಡೂ ಅರ್ಥ ಒಟ್ಟಿಗೆ ಕೇಳುತ್ತವೆ: ಅವನ ಸ್ವಂತ ಬಣ್ಣ, ಮತ್ತು ಸತ್ಯವಾದ ಬಣ್ಣ. ಅಂದರೆ ನಿಜ ಒಳಗಿನಿಂದ ಬರುವ ಪದ, ಪ್ರಾಮಾಣಿಕ ಹೊರಗಿನಿಂದ ಹಿಡಿದು ನೋಡುವ ಪದ.

ಅಕ್ಕಪಕ್ಕದ ಭಾಷೆಗಳು ಏನು ಮಾಡಿವೆ ನೋಡಿ. ತೆಲುಗಿನವರು ಇದೇ ನಿಜವನ್ನು ಹಿಡಿದು 'ನಿಜಾಯಿತೀ' ಅಂತ ಮಾಡಿಕೊಂಡರು, ಅವರಿಗೆ ಪ್ರಾಮಾಣಿಕ ಅಂದರೆ ಅಧಿಕೃತ, ಒಪ್ಪಿತವಾದದ್ದು. ತಮಿಳರು 'ನೇರ್ಮೈ' ಅಂತಾರೆ, ನಮ್ಮ ನೇರ ಇದೆಯಲ್ಲ, ಅದರದೇ ಬಳಗ. ಮಲಯಾಳದಲ್ಲಿ 'ಪ್ರಮಾಣಿ' ಅಂದರೆ ಊರಿನ ದೊಡ್ಡ ಮನುಷ್ಯ. ಹಿಂದಿಯವರು ಈಮಾನ್ ಅನ್ನು, ಅಂದರೆ ನಂಬಿಕೆಯನ್ನು, ಹಿಡಿದು ಈಮಾನ್‌ದಾರ್ ಅಂದರು, ಅಲ್ಲಿ ಪ್ರಾಮಾಣಿಕ ಅಂದರೆ ಅಸಲಿ, ಆಧಾರವಿರುವ, ನಂಬಬಹುದಾದ ಗ್ರಂಥ ಅಥವಾ ದಾಖಲೆ. ಮನುಷ್ಯನಿಗೆ ಅದನ್ನು ಹಚ್ಚಿದ್ದು ನಾವು, ಮರಾಠಿಯವರು, ಗುಜರಾತಿಯವರು. ಇಂಗ್ಲಿಷಿನ ಆನೆಸ್ಟ್ ಲ್ಯಾಟಿನ್ನಿನ ಗೌರವ ಎಂಬ ಪದದಿಂದ ಬಂದಿದೆ. ಒಬ್ಬರಿಗೆ ನೇರ ಗೆರೆ ಕಂಡಿತು, ಒಬ್ಬರಿಗೆ ನಂಬಿಕೆ, ಒಬ್ಬರಿಗೆ ಮರ್ಯಾದೆ. ನಮಗೆ ಕಂಡದ್ದು ಅಳತೆಗೋಲು. ಮೂಲದಲ್ಲಿ ಗ್ರಂಥಕ್ಕೆ, ದಾಖಲೆಗೆ ಹೇಳುತ್ತಿದ್ದ ಪದವನ್ನು ನಾವು ಮನುಷ್ಯನಿಗೆ ಹೇಳಿದೆವು, ಅವನನ್ನೂ ಒಂದು ದಾಖಲೆಯ ಹಾಗೆ ತೆರೆದು ಓದಬಹುದು ಅಂತ. ನನಗಂತೂ ಇದರಲ್ಲಿ ಹೆಮ್ಮೆ ಇದೆ.

ಕನ್ನಡದಲ್ಲಿ ಇದರ ಓರಗೆಯ ಪದಗಳು ಬೇಕಾದಷ್ಟಿವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸಾಚಾ ತಗೊಳ್ಳಿ. ಹೊಗಳುವುದಕ್ಕಿಂತ ಚುಚ್ಚುವುದಕ್ಕೇ ಜಾಸ್ತಿ ಬಳಕೆ: "ನೀನೇನು ದೊಡ್ಡ ಸಾಚಾನಾ?" ಪಾಪ, ಹರಿಶ್ಚಂದ್ರನ ಹೆಸರಿಗೂ ಅದೇ ಗತಿ. ಉತ್ತರದ ಕಡೆಯವರ ಖರೆ ಬಹಳ ಚೆನ್ನಾಗಿದೆ, "ಖರೇನ ಹೇಳ್ತೀನಿ" ಅಂದರೆ ಮಾತು ಎದೆಗೆ ತಾಗುತ್ತದೆ, ಆದರೆ ಅದು ಮಾತಿಗೆ ಹೆಚ್ಚು, ಮನುಷ್ಯನ ನಡತೆಗೆ ಕಡಿಮೆ.

ನಿಲ್ಲಿಸಿ ನೋಡಬೇಕಾದ ಪದ ನಿಯತ್ತು. ಅರಬ್ಬಿಯಲ್ಲಿ ಅದು ಉದ್ದೇಶ, ಸಂಕಲ್ಪ. ನಮ್ಮಲ್ಲಿ ಅದು ಋಣ ಮರೆಯದ ಗುಣ. "ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ" ಅಂತೀವಿ. ನಾಯಿಗೆ ಪ್ರಾಮಾಣಿಕತೆ ಇದೆ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಇಲ್ಲ. ನಿಯತ್ತು ಒಬ್ಬರ ಕಡೆಗೆ ಇರುವಂಥದ್ದು, ಅನ್ನ ಹಾಕಿದವರ ಕಡೆಗೆ. ಪ್ರಾಮಾಣಿಕತೆಗೆ ಹಾಗೆ ಒಡೆಯ ಇಲ್ಲ. ಒಡೆಯನ ಕಳ್ಳಲೆಕ್ಕವನ್ನು 20 ವರ್ಷ ಯಾರಿಗೂ ಬಾಯಿಬಿಡದೆ ಕಾಪಾಡಿದ ಗುಮಾಸ್ತನಿಗೆ ನಿಯತ್ತು ತುಂಬಾ ಇದೆ, ಪ್ರಾಮಾಣಿಕತೆ ಚೂರೂ ಇಲ್ಲ. ಬೇರೆಯ ಯಾರೋ ಒಬ್ಬ ಆ ಲೆಕ್ಕವನ್ನು ಹೊರಗೆ ತಂದರೆ ಅವನನ್ನು ಪ್ರಾಮಾಣಿಕ ಅಂತಲೂ ಕರೆಯುತ್ತೇವೆ, ನಿಯತ್ತಿಲ್ಲದವನು ಅಂತಲೂ ಬೈಯುತ್ತೇವೆ, ಕೆಲವೊಮ್ಮೆ ಒಂದೇ ಮನೆಯಲ್ಲಿ ಎರಡೂ ಮಾತು ಬರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ಹುಟ್ಟಿದ್ದು ಇಂಥ ಜಾಗದಲ್ಲೇ ಇರಬೇಕು. ಈ ಎರಡು ಪದಗಳನ್ನು ಒಂದೇ ಅಂತ ಅಂದುಕೊಂಡು ನಾವು ಎಷ್ಟೋ ಜನರಿಗೆ ಅನ್ಯಾಯ ಮಾಡಿದ್ದೇವೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ.

ಪತ್ರಿಕೆಯಲ್ಲಿ ಬರುವ ತಲೆಬರಹ ನೆನಪಿಸಿಕೊಳ್ಳಿ. ಸಿಕ್ಕ ಬ್ಯಾಗನ್ನು ಹಿಂದಿರುಗಿಸಿ ಪ್ರಾಮಾಣಿಕತೆ ಮೆರೆದ ಚಾಲಕ. ಯಾವಾಗಲೂ 'ಮೆರೆದ' ಎಂದೇ ಬರುತ್ತದೆ. ಮೆರೆಯುವುದು ಅಂದರೆ ಹೊಳೆಯುವುದು, ಎದ್ದು ಕಾಣುವುದು, ಮೆರವಣಿಗೆಯ ಮೆರೆ ಅದು. ಅವರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ಆದರೂ ನನಗೆ ಆ ಪದ ಹಿತವಾಗುವುದಿಲ್ಲ, ಪಾಪ ಆ ಮನುಷ್ಯ ಮೆರೆಯಲಿಲ್ಲ, ಸುಮ್ನೆ ಬ್ಯಾಗ್ ತಂದು ಕೊಟ್ಟ. ಅದೇ ವರದಿಯ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ, ಎಣಿಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು ಅಂತ. ನಿಜವಾದ ಪದ ಅಲ್ಲಿದೆ. ಎಣಿಸಿ ನೋಡಿದರು, ಸರಿಯಾಗಿತ್ತು.

ಇತ್ತೀಚೆಗೆ ಶುರುವಾದ ಇನ್ನೊಂದು ಬಳಕೆಯ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. "ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಆ ಬಣ್ಣ ಇಷ್ಟವಾಗಲಿಲ್ಲ." "ಪ್ರಾಮಾಣಿಕ ಧನ್ಯವಾದಗಳು." ಇದು ಇಂಗ್ಲಿಷಿನ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ್ದು. ನಮ್ಮಲ್ಲಿ ಇದಕ್ಕೆ ಮಾತುಗಳು ಇದ್ದೇ ಇವೆ: ನಿಜ ಹೇಳಬೇಕೆಂದರೆ, ಮನಸ್ಸು ಬಿಚ್ಚಿ ಹೇಳ್ತೀನಿ, ಮನಸಾರೆ ವಂದಿಸುತ್ತೇನೆ. ಬಣ್ಣ ಇಷ್ಟವಾಗಲಿಲ್ಲ ಅನ್ನುವುದಕ್ಕೆ ಪ್ರಮಾಣ ಬೇಕಿಲ್ಲ, ಅದನ್ನು ಯಾರೂ ಅಳೆಯಲೂ ಆಗುವುದಿಲ್ಲ, ಅದು ನಿಮ್ಮ ಸ್ವಂತದ್ದು, ಅಂದರೆ ನಿಜ. ಭಾಷೆ ಬದಲಾಗುತ್ತದೆ, ನನಗೂ ಗೊತ್ತು, ಅನುಮಾನ ಬದಲಾಗಲಿಲ್ಲವೇ? ಆದರೆ ಇಲ್ಲಿ ಕಳೆದುಕೊಳ್ಳುವುದು ಜಾಸ್ತಿ. ಪ್ರಾಮಾಣಿಕ ಎಂಬ ಪದ ಬರೀ ಒಳಗಿನ ಭಾವನೆಗೆ ಅಂಟಿಕೊಂಡರೆ, ಲೆಕ್ಕ ತೆರೆದಿಟ್ಟವನನ್ನು ಕರೆಯಲು ನಮ್ಮ ಹತ್ತಿರ ಏನು ಉಳಿಯುತ್ತದೆ? "ನಾನು ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ್ದೇನೆ" ಅಂತ ಒಬ್ಬ ಅಧಿಕಾರಿ ಹೇಳಿದಾಗ, "ಹಾಗಾದರೆ ಏನೇನು ಮಾಡಿದಿರಿ, ತೋರಿಸಿ" ಅಂತ ಕೇಳುವ ಹಕ್ಕನ್ನು ಆ ಪದವೇ ನಮಗೆ ಕೊಡುತ್ತದೆ. ನಾವು ಕೇಳುವುದಿಲ್ಲ. ಪಾಪ, ಮನಸ್ಸಿನಲ್ಲಿ ಇತ್ತಲ್ಲ ಅಂತ ಸುಮ್ಮನಾಗುತ್ತೇವೆ.

ಕೊನೆಯದಾಗಿ ವಿರುದ್ಧ ಪದ. ಶಾಲೆಯಲ್ಲಿ ಅಪ್ರಾಮಾಣಿಕ ಅಂತ ಬರೆಸುತ್ತಾರೆ, ಅಂಕ ಸಿಗುತ್ತದೆ. ಆದರೆ ಮಾತಿನಲ್ಲಿ ಅದನ್ನು ಬಳಸುವವರು ಎಷ್ಟು ಜನ? ಬೈಯುವುದಕ್ಕೆ ನಮಗೆ ಕಳ್ಳ ಇದೆ, ಮೋಸಗಾರ ಇದೆ, ಲಫಂಗ ಇದೆ. ಎಲ್ಲವೂ ಭಾರಿ ಪದಗಳು. ಖಾಲಿ ಮನೆಯಲ್ಲಿ 31.4 ತುಂಬಿದ ಹುಡುಗ ಕಳ್ಳನಲ್ಲ. ಯಾರಿಂದಲೂ ಏನೂ ಕದಿಯಲಿಲ್ಲ, ಯಾರಿಗೂ ಟೋಪಿ ಹಾಕಲಿಲ್ಲ. ಕಳ್ಳ ಅಂತ ಯಾರೂ ಕರೆಯುವುದಿಲ್ಲ ಅನ್ನುವ ಧೈರ್ಯದಿಂದಲೇ ಅವನು ಅದನ್ನು ಬರೆದದ್ದು. ಅಂಥ ಸಣ್ಣ ಜಾಗಗಳಿಗೆ ನಮ್ಮಲ್ಲಿ ಬೈಗುಳ ಇಲ್ಲ, ಬೇಕಾಗಿಯೂ ಇಲ್ಲ ಅನ್ನಿಸುತ್ತದೆ. ನಮ್ಮ ಮೇಲಿನವರು ಬೈಯಲಿಲ್ಲ ಅಂತ ಹೇಳಿದೆನಲ್ಲ, 'ನೋಡಿಲ್ಲ' ಅಂತ ಬರೆಸಿದರು ಅಷ್ಟೆ.

ಆ ಕೆಲಸ ಬಿಡುವ ಮುಂಚೆ ಅದೇ ರಿಜಿಸ್ಟರಿನಲ್ಲಿ ಇನ್ನೂ ನಾಲ್ಕು ಕಡೆ 'ನೋಡಿಲ್ಲ' ಅಂತ ಬರೆದಿದ್ದೇನೆ. ಒಮ್ಮೆ ಜ್ವರ ಬಂದಿತ್ತು, ಒಮ್ಮೆ ಮರೆತೆ, ಉಳಿದ ಎರಡಕ್ಕೆ ಕಾರಣ ನೆನಪಿಲ್ಲ. ಆ ನಾಲ್ಕನ್ನೂ ಯಾರೂ ಹೇಳದೆ ನಾನೇ ಬರೆದದ್ದು, ನೀಲಿ ಶಾಯಿಯಲ್ಲಿ, ಒತ್ತಿ.